ಬಾಯಿಂದ ಬಾಯಿಗೆ ಬಂದ ಸೈತಾನ

ಲಾಸ್ ಅನಾಕುವಾಸ್, ಟೆಕ್ಸಸ್
ಸೆಪ್ಟೆಂಬರ್ 27, 1996, ಶುಕ್ರವಾರ

ಮಗಳು ಇಮೆಲ್ದಾಗೆ ಅಮ್ಮನ ಆಶೀರ್ವಾದ.

ಇವತ್ತು ಶುಕ್ರವಾರ, ಉಪವಾಸ. ನೀನು ಸೇನೆಯ ಜೊತೆ ಬೋಸ್ನಿಯಾಕ್ಕೆ ಹೊರಟ ದಿನ ಹೊತ್ತ ಹರಕೆ ಇದು. ಸಂಜೆಯ ಜಪಮಾಲೆ ಮುಗಿಯುವ ತನಕ ಸಕ್ಕರೆ ಹಾಕದ ಕಾಫಿ ಬಿಟ್ಟರೆ ಬಾಯಿಗೆ ಏನೂ ಇಲ್ಲ. ಬೆಳಿಗ್ಗೆ ಕೋಳಿಗಳನ್ನು ಬಿಟ್ಟು, ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಿ, ಬೀನ್ಸ್ ಆರಿಸಿ ಒಲೆಗಿಟ್ಟೆ. ನಿನ್ನ ಮಗಳಿಗೆ ತೋರ್ತಿಯಾ ರೊಟ್ಟಿ ಸುಟ್ಟು ಬೆಣ್ಣೆ ಸವರಿ ಕೊಟ್ಟೆ. ಬೆಣ್ಣೆಯನ್ನೆಲ್ಲ ನೆಕ್ಕಿ ತೋರ್ತಿಯಾವನ್ನು ನಾಯಿಗೆ ಹಾಕಿ ಶಾಲೆಯ ಬಸ್ಸು ಹತ್ತಿದಳು. ನೀನೂ ಹಾಗೇ ಮಾಡುತ್ತಿದ್ದೆ, ಆದ್ದರಿಂದ ಬೈಯಲಿಲ್ಲ.

ಕ್ರಿಸ್ಟಲ್ ಚೆನ್ನಾಗಿದ್ದಾಳೆ. ಊರವರು ಆಗಲೇ ಅವಳ ಹೆಸರನ್ನು ಮುದ್ದಿಗೆ ಕ್ರಿಸ್ತಾಲಿತಾ ಮಾಡಿದ್ದಾರೆ. ನೀನು ಹೇಳಿಹೋದಂತೆ ಮನೆಯಲ್ಲಿ ಅವಳ ಜೊತೆ ಬರೀ ಇಂಗ್ಲಿಷ್. ನನ್ನ ಇಂಗ್ಲಿಷ್ ಎಂಟನೇ ತರಗತಿಯದು ಮಗಳೇ. ಅಂಗಡಿಗೆ ಸಾಕು, ಆಸ್ಪತ್ರೆಗೆ ಸಾಕು, ಲೆಕ್ಕಕ್ಕಂತೂ ಧಾರಾಳ. ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದು, ಹಾಗಾಗಿ ಇವತ್ತಿಗೂ ಮೊಟ್ಟೆ ಎಣಿಸುವುದು ಅದರಲ್ಲೇ. ಆದರೆ ಒಂಬತ್ತು ವರ್ಷದ ಮಗುವನ್ನು ಮುದ್ದು ಮಾಡಲು ಹೋದರೆ ಅದರಲ್ಲಿ ನನಗೆ ಒಂದು ಮಾತೂ ಸಿಗುವುದಿಲ್ಲ. ಸಂಜೆಯ ಹೊತ್ತಿಗೆ ದವಡೆ ನೋಯುತ್ತದೆ. ಅವಳು ಮಲಗಿದ ಮೇಲೆ ಬೆಕ್ಕನ್ನು ಕೂರಿಸಿಕೊಂಡು ನಮ್ಮ ಮಾತಿನಲ್ಲಿ, ಸ್ಪ್ಯಾನಿಷಿನಲ್ಲಿ, ಹರಟುತ್ತೇನೆ.

ದೊಡ್ಡ ಸುದ್ದಿ ಕೇಳು. ಸತ್ತವರ ಹಬ್ಬ ಮುಗಿದ ಮೇಲೆ ಕ್ರಿಸ್ಮಸ್ಸಿಗೆ ಆಡುವ ಕುರುಬರ ಆಟದ ತಾಲೀಮು ಶುರು, ಈ ಸಲವೂ ನನ್ನ ತಲೆಗೇ ಕಟ್ಟಿದ್ದಾರೆ. ಕ್ರಿಸ್ಟಲ್ ತಾನೂ ಸೇರುತ್ತಾಳಂತೆ! ಯಾವ ಪಾತ್ರ ಅಂದರೆ ಸೈತಾನನ ಪಾತ್ರವಂತೆ! ಯಾಕೆ ಅಂತ ಕೇಳಿದೆ. ಅವನೊಬ್ಬನೇ ಮಾತಾಡುವುದಿಲ್ಲವಲ್ಲ ಅಜ್ಜಿ ಅಂದಳು. ನಿಜ. ನೀನು ಮಿಲಿಟರಿ ಸೇರಿದ ಮೇಲೆ ನಮ್ಮೂರ ಸೈತಾನ ಮೂಗ. ಕೊಂಬು ಕಟ್ಟಿಕೊಂಡು ಸರಪಳಿ ಎಳೆದುಕೊಂಡು ಓಡುತ್ತಾನೆ, ಅಷ್ಟೇ.

ಸೇರಿಸಿಕೊಳ್ಳಲೇ? ಬೇಗ ಬರೆ. ನೀನು ಇಂಗ್ಲಿಷಿನಲ್ಲಿ ಬರೆ, ನಾನು ಸ್ಪ್ಯಾನಿಷಿನಲ್ಲಿ ಬರೆಯುತ್ತೇನೆ. ಅಂಚೆಯವರಿಗೆ ಅದರಿಂದ ಏನೂ ಕಷ್ಟವಿಲ್ಲ.

ಕನ್ಯಾಮರಿಯಮ್ಮನ ಸೆರಗು ನಿನ್ನ ಮೇಲಿರಲಿ.
ನಿನ್ನ ಅಮ್ಮ, ಸೆಫೆರಿನಾ


ಬೋಸ್ನಿಯಾ
ಅಕ್ಟೋಬರ್ 13, 1996

ಅಮ್ಮಾ,

ಎರಡೇ ಮಾತು ಬರೆಯುತ್ತೇನೆ, ಲಾರಿಗಳ ಸಾಲು ಹೊರಡುವ ಹೊತ್ತು. ನಾನು ಚೆನ್ನಾಗಿದ್ದೇನೆ. ಇಲ್ಲಿ ಕೆಸರು ನಮ್ಮ ಬೂಟುಗಳನ್ನು ಜೀವಂತ ನುಂಗುತ್ತದೆ.

ಕ್ರಿಸ್ಟಲ್ ಸೈತಾನ ಆಗಲಿ, ನನ್ನ ಅಡ್ಡಿಯಿಲ್ಲ. ಮೂಗ ಸೈತಾನನಾದರೆ ಇನ್ನೂ ಒಳ್ಳೆಯದು. ಓಡಲಿ, ಕಿರುಚಲಿ, ಗೆಳತಿಯರು ಸಿಗಲಿ. ಆದರೆ ಮನೆಯಲ್ಲಿ ಇಂಗ್ಲಿಷೇ ಇರಲಿ ಅಮ್ಮಾ. ಇಲ್ಲಿಂದ ಬಂದ ಮೇಲೆ ನನ್ನನ್ನು ಯಾವ ಊರಿಗೆ ಹಾಕುತ್ತಾರೋ ಗೊತ್ತಿಲ್ಲ. ಎಲ್ಲಿ ಹಾಕಿದರೂ ಅವಳು ತರಗತಿಯಲ್ಲಿ ಹಿಂದೆ ಬೀಳಬಾರದು. ನಿಮ್ಮ ಉಪವಾಸ ಸಾಕು ಮಾಡಿ, ಸಕ್ಕರೆಯಾದರೂ ಹಾಕಿಕೊಳ್ಳಿ.

ಇಮೆಲ್ದಾ


ಲಾಸ್ ಅನಾಕುವಾಸ್
ನವೆಂಬರ್ 8, 1996, ಶುಕ್ರವಾರ

ಮಗಳೇ ಇಮೆಲ್ದಾ,

ಸಕ್ಕರೆಯ ಮಾತು ಎತ್ತಬೇಡ. ಹರಕೆ ದೇವರಿಗೂ ನನಗೂ ಇರುವ ಮಾತು.

ತಾಲೀಮು ಶುರುವಾಗಿ ವಾರವಾಯಿತು, ಇಗರ್ಜಿಯ ಅಂಗಳದಲ್ಲಿ ಜಾತ್ರೆಯಂತೆ ಮಕ್ಕಳು! ನಿನ್ನ ಜ್ಞಾನತಾಯಿ ಚೊನೀತಾ ಹಳೆಯ ಕೊಂಬುಗಳಿಗೆ ಕೆಂಪು ಬಣ್ಣ ಬಳಿದಿದ್ದಾಳೆ. ಹಿರಿಯರು ದೋನ್ ಲಿಬ್ರಾದೋ ಆಟದಲ್ಲಿ ಈಗಲೂ ಸನ್ಯಾಸಿಯ ಪಾತ್ರವೇ, ಗಡ್ಡ ಅಂಟಿಸುವ ಅಗತ್ಯ ಈಗಿಲ್ಲ. ಕ್ರಿಸ್ಟಲ್ ಕೊಂಬು ಕಟ್ಟಿ ಸರಪಳಿ ಎಳೆದು ಓಡಿದಳು ನೋಡು, ಚಿಕ್ಕ ಕುರುಬನೊಬ್ಬ ಹೆದರಿ ಕುರಿಯನ್ನೇ ಬಿಟ್ಟು ಓಡಿದ!

ಆಮೇಲೆ ಆದದ್ದು ಕೇಳು. ದೇವದೂತನ ಪಾತ್ರದ ಯೆಸೆನಿಯಾ ಇದ್ದಾಳಲ್ಲ, ಬಾಯಿ ತುಂಬಾ ಹಲ್ಲು ಇರುವ ಹುಡುಗಿ, ಅವಳು ಇಂಗ್ಲಿಷಿನಲ್ಲಿ ಹೇಳಿದಳು, "ನಮ್ಮ ಸೈತಾನ ಮೊದ್ಲು ಮಾತಾಡ್ತಿದ್ದ ಗೊತ್ತಾ? ನಿಮ್ಮಮ್ಮ ಅವನ ನಾಲಿಗೆ ಕಿತ್ಕೊಂಡು ಮಿಲಿಟರಿಗೆ ಹೋದ್ಲಂತೆ."

ಕ್ರಿಸ್ಟಲ್ ಕೊಂಬಿನ ಸಮೇತ ನನ್ನ ಹತ್ತಿರ ಬಂದಳು. "ಅಜ್ಜಿ, ಹೌದಾ? ಅಮ್ಮಂಗೆ ಇವರ ಥರ ಮಾತಾಡೋಕೆ ಬರುತ್ತಾ?"

"ಬರುತ್ತಾ ಅಂದ್ರೇನೇ! ನಿಮ್ಮಮ್ಮ ಗುಡುಗಿದ್ರೆ ಊರ ನಾಯಿಗಳೆಲ್ಲ ಇಗರ್ಜಿ ಹಿಂದೆ ಅವಿತ್ಕೋತಿದ್ವು."

"ಮತ್ತೆ ನನ್ ಜೊತೆ ಯಾಕೆ ಒಂದು ಸಲಾನೂ ಮಾತಾಡಿಲ್ಲ?"

ನನಗೆ ಕುರುಬರ ಕೋಲುಗಳನ್ನು ಜೋಡಿಸುವ ಕೆಲಸ ಇದ್ದಕ್ಕಿದ್ದಂತೆ ನೆನಪಾಯಿತು.

ಅಂದಿನಿಂದ ಅವಳಿಗೆ ಒಂದೇ ಹಟ. ಓಡುವ ಸೈತಾನ ಬೇಡ, ಮಾತಾಡುವ ಸೈತಾನ ಬೇಕು. ಅಮ್ಮ ಆಡಿದ್ದನ್ನೇ ಆಡಬೇಕು. ಚೊನೀತಾ ಸೊಂಟಕ್ಕೆ ಕೈ ಕೊಟ್ಟು, "ಹುಡುಗಿಗೆ ಇಂಗ್ಲಿಷ್ ಬರುತ್ತಲ್ಲ ಸೆಫೆರಿನಾ, ಸೈತಾನ ಇಂಗ್ಲಿಷಲ್ಲೇ ಮಾತಾಡ್ಲಿ ಬಿಡು" ಅಂದಳು.

ದೋನ್ ಲಿಬ್ರಾದೋ ಎದ್ದು ನಿಂತರು. "ಅಂದ್ರೆ ನನ್ನ ಮೊಮ್ಮಕ್ಕಳೆಲ್ಲ ಸೈತಾನನ ಭಾಷೆ ಆಡ್ತಾರೆ ಅಂತೀಯಾ?"

"ನಿಮ್ಮ ಮೊಮ್ಮಕ್ಕಳನ್ನ ನೋಡಿದ್ರೆ ಹಾಗೇ ಅನ್ಸುತ್ತೆ ದೋನ್ ಲಿಬ್ರಾದೋ!"

"ನಗಬೇಡ. ಕುರುಬರಿಗೆ ಇಂಗ್ಲಿಷ್ ಬರಲ್ಲ. ದಾರಿ ತಪ್ಪಿಸೋಕೆ ಬಂದ ಸೈತಾನ ಹೇಳೋದು ಅರ್ಥವೇ ಆಗದಿದ್ರೆ ಅವರು ಮರುಳಾಗೋದು ಹೇಗೆ? ಆಟ ಅಲ್ಲಿಗೇ ಮುಗೀತು, ಎಲ್ಲರೂ ಸೀದಾ ಬೆತ್ಲೆಹೇಮಿಗೆ!"

ಅರ್ಧ ಗಂಟೆ ಜಗಳ. ಮಕ್ಕಳಿಗೆ ಆಟಕ್ಕಿಂತ ಇದೇ ಇಷ್ಟವಾಯಿತು.

ಆದರೆ ನಿಯಮ ನಿನಗೆ ಗೊತ್ತು. ನಮ್ಮ ಆಟಕ್ಕೆ ಪುಸ್ತಕವಿಲ್ಲ. ಪಾತ್ರ ಯಾರ ಬಾಯಲ್ಲಿದೆಯೋ ಅವರೇ ಮುಂದಿನವರ ಬಾಯಿಗೆ ಸಾಲು ಸಾಲಾಗಿ ಹಾಕಬೇಕು. ಕೊನೆಯಲ್ಲಿ ಅವರು 'ಕೊಟ್ಟೆ' ಅನ್ನಬೇಕು, ಇವರು 'ತಗೊಂಡೆ' ಅನ್ನಬೇಕು. ನಿನ್ನ ತಾತ ನಿನಗೆ ಸೈತಾನನನ್ನು ಕೊಟ್ಟಾಗ ನಿನಗೆ ಹದಿನೈದು. ಹುಡುಗಿ ಸೈತಾನ ಅಂತ ಪಾದ್ರಿ ಮುಖ ಸಿಂಡರಿಸಿದ್ದರು. ನೀನು ಯಾರಿಗೂ ಕೊಡದೆ ಹೋದೆ. ಪ್ರತಿ ಸಾಲೂ ನನಗೆ ಬಾಯಿಪಾಠ, ಆದರೆ ಕೊಡಲು ಅದು ನನ್ನದಲ್ಲ. ನಾನು ಕೊಟ್ಟರೆ ನಾಳೆ ಯಾರು ಬೇಕಾದರೂ ಯಾರದ್ದು ಬೇಕಾದರೂ ಕೊಟ್ಟಾರು.

ಕೊಡು ಮಗಳೇ. ನಿನ್ನ ಮಗಳೇ ಕೇಳುತ್ತಿದ್ದಾಳೆ. ಹೇಗೆ ಅಂತ ನೀನೇ ಯೋಚಿಸು, ಲಾರಿ ಓಡಿಸುವವಳಿಗೆ ದಾರಿ ಹುಡುಕಲು ನಾನು ಹೇಳಿಕೊಡಬೇಕೇ?

ಮಾತೆ ನಿನ್ನ ಜೊತೆ ಇರಲಿ.
ಸೆಫೆರಿನಾ


ಬೋಸ್ನಿಯಾ
ನವೆಂಬರ್ 19, 1996

ಅಮ್ಮಾ,

ಸೈತಾನ ಇಂಗ್ಲಿಷ್ ಆಡುವ ಜಗಳವನ್ನು ಡೇರೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ, ನಕ್ಕು ನಕ್ಕು ಸಾಕಾಯಿತು. ಆದರೆ ನಾನು ಕೊಡುವುದಿಲ್ಲ. ಬೇರೆ ಮಗುವಿಗಾದರೆ ಇವತ್ತೇ ಕೊಡುತ್ತಿದ್ದೆ, ಇವಳಿಗೆ ಇಲ್ಲ.

ನಿಮಗೆ ನೆನಪಿದೆಯೋ ಇಲ್ಲವೋ. ಒಂದನೇ ತರಗತಿಯಲ್ಲಿ ಬಚ್ಚಲಿಗೆ ಹೋಗಬೇಕು ಅಂತ ಇಂಗ್ಲಿಷಿನಲ್ಲಿ ಕೇಳಲು ಬಾರದೆ ಬೆಂಚಿನ ಮೇಲೆ ಒದ್ದೆಯಾಗಿ ಕೂತಿದ್ದೆ. ಇಡೀ ತರಗತಿ ನಕ್ಕಿತು. ಮಂದಬುದ್ಧಿ ಅಂತ ಮರುವರ್ಷವೂ ಅದೇ ಬೆಂಚು. ಎಲ್ಲರೂ ಮುಂದೆ ಹೋದರು, ನಾನು ಚಿಕ್ಕವರ ಮಧ್ಯೆ ಉದ್ದ ಕಾಲು ಮಡಚಿಕೊಂಡು ಕೂತೆ. ಕ್ರಿಸ್ಟಲ್ ಹುಟ್ಟಿದ ದಿನ ನಾನು ತೀರ್ಮಾನ ಮಾಡಿದ್ದು ಒಂದೇ: ಆ ಬೆಂಚು ಇವಳಿಗೆ ಬೇಡ.

ನಾಲ್ಕು ಸಾಲಿನಿಂದ ಏನಾಗುತ್ತದೆ ಅನ್ನುತ್ತೀರಿ. ನಾಲ್ಕು ಸಾಲು ಕೊಟ್ಟರೆ ಅವಳು ನಮ್ಮ ಮಾತನ್ನೆಲ್ಲ ಕೇಳುತ್ತಾಳೆ, ನನ್ನ ಮಗಳು ನನಗೆ ಗೊತ್ತು. ಸರಪಳಿ ಹಿಡಿದು ಓಡಲಿ ಬಿಡಿ.

ಇಮೆಲ್ದಾ


ಲಾಸ್ ಅನಾಕುವಾಸ್
ನವೆಂಬರ್ 29, 1996, ಶುಕ್ರವಾರ

ಇಮೆಲ್ದಾ,

ನಿನ್ನ ಕಾಗದ ಮೊನ್ನೆ ಬಂತು. ಉಪವಾಸದ ದಿನ ಕೋಪ ಮಾಡಿಕೊಳ್ಳಬಾರದು, ಆದರೂ ಬರೆಯುತ್ತಿದ್ದೇನೆ. ಸಂಜೆ ದೇವರ ಹತ್ತಿರ ಮಾತಾಡಿಕೊಳ್ಳುತ್ತೇನೆ.

ನೆನಪಿದೆಯೋ ಇಲ್ಲವೋ ಅಂತ ಕೇಳುತ್ತೀಯ. ಆ ದಿನದ ಹಳದಿ ಫ್ರಾಕನ್ನು ಒಗೆದವಳು ನಾನು.

ನಾನು ಎಂಟನೇ ತರಗತಿ ಓದಿದವಳು, ನನ್ನ ಲೆಕ್ಕ ಸರಳ. ಆ ಬೆಂಚಿನ ಮೇಲೆ ನೀನು ಅತ್ತದ್ದು ಒಂದು ಮಾತು ಹೆಚ್ಚು ಗೊತ್ತಿದ್ದಕ್ಕಲ್ಲ, ಒಂದು ಮಾತು ಕಡಿಮೆ ಇದ್ದುದಕ್ಕೆ. ಇಲ್ಲಿ ಬಂದು ನಿನ್ನ ಮಗಳನ್ನು ನೋಡು. ಮೊನ್ನೆ ಚೊನೀತಾಳ ಮನೆಯಲ್ಲಿ ಹೆಂಗಸರೆಲ್ಲ ಕೂತು ಹಬ್ಬದ ತಮಾಲೆ ಕಡುಬಿಗೆ ಜೋಳದ ಎಲೆ ತೊಳೆಯುತ್ತಿದ್ದೆವು. ಅವಳೂ ಕೂತಿದ್ದಳು. ನಾವು ನಕ್ಕಾಗ ಎಲ್ಲರ ಮುಖ ನೋಡಿ ನಕ್ಕಳು, ಎಲ್ಲರಿಗಿಂತ ಸ್ವಲ್ಪ ತಡವಾಗಿ. ನಾವು ಸುಮ್ಮನಾದಾಗ ಸುಮ್ಮನಾದಳು. ನೀರು ಬೇಕು ಅಂತ ಕೇಳಲು ನನ್ನ ತೋಳು ಎಳೆದು ಕಿವಿಯಲ್ಲಿ ಹೇಳಿದಳು. ನೀನು ಕೂತ ಬೆಂಚಿನಲ್ಲೇ ಕೂತಿದ್ದಾಳೆ ಮಗಳೇ. ಆ ಕಡೆಯ ತುದಿಯಲ್ಲಿ ನೀನು, ಈ ಕಡೆಯ ತುದಿಯಲ್ಲಿ ಅವಳು.

ಮೂಗನ ಪಾತ್ರ ಬೇಕು ಅಂತ ಅವಳು ಯಾಕೆ ಆರಿಸಿಕೊಂಡಳು ಅನ್ನುವುದು ನನಗೆ ಅವತ್ತೇ ತಿಳಿಯಬೇಕಿತ್ತು.

ಆಟ ಕ್ರಿಸ್ಮಸ್ ಮುನ್ನಾದಿನ ಸಂಜೆ. ಇನ್ನೂ ಸಮಯವಿದೆ. ಹೆಚ್ಚು ಬರೆಯುವುದಿಲ್ಲ, ಬರೆದರೆ ನಾನು ಬೈಯುತ್ತೇನೆ.

ಅಮ್ಮ


ಬೋಸ್ನಿಯಾ
ಡಿಸೆಂಬರ್ 9, 1996

ಅಮ್ಮಾ,

ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ, ಎಷ್ಟು ವರ್ಷವಾಯಿತೋ. ತಪ್ಪುಗಳನ್ನು ಚೊನೀತಾಗೆ ತೋರಿಸಬೇಡಿ, ಊರೆಲ್ಲ ಹೇಳುತ್ತಾಳೆ.

ನಿಮ್ಮ ಕಾಗದ ಜೇಬಿನಲ್ಲಿತ್ತು. ನಿನ್ನೆ ನಮ್ಮ ಲಾರಿಗಳು ಒಂದು ಸೇತುವೆಯ ಹತ್ತಿರ ನಿಂತುಬಿಟ್ಟವು. ಎದುರಿನಿಂದ ಸ್ಪೇನ್ ದೇಶದ ಸೈನಿಕರ ಲಾರಿಗಳು ಬಂದು ಅವೂ ನಿಂತವು. ಯಾರು ಹಿಂದೆ ಸರಿಯಬೇಕು ಅಂತ ಕೈಸನ್ನೆಯಲ್ಲಿ ಜಗಳ. ನಮ್ಮ ಕ್ಯಾಪ್ಟನ್ ಕೂಗಿ ಕೇಳಿದರು, "ಇವರ ಮಾತು ಯಾರಿಗಾದ್ರೂ ಬರುತ್ತಾ?" ಅಮ್ಮಾ, ಮೂವತ್ತು ವರ್ಷದವಳು, ಕೈ ಎತ್ತಲು ಹೆದರಿದೆ. ಆಮೇಲೆ ಎತ್ತಿದೆ.

ನಾನು ಬಾಯಿ ತೆರೆದರೆ ಅವರು ನಕ್ಕರು. ನಾವು ಲಾರಿಗೆ ಹೇಳುವ ಪದ ಅವರು ಕೇಳೇ ಇಲ್ಲವಂತೆ. ಒಬ್ಬ ಹೇಳಿದ, "ಅಕ್ಕಾ, ನೀವು ನಮ್ಮಜ್ಜಿಯ ಅಜ್ಜಿ ಥರ ಮಾತಾಡ್ತೀರಿ." ನಾನೂ ತಿರುಗಿಸಿ ಕೊಟ್ಟೆ, "ನೀವು ಬಾಯಲ್ಲಿ ಬಿಸಿ ಆಲೂಗಡ್ಡೆ ಇಟ್ಕೊಂಡು ಮಾತಾಡ್ತೀರಿ." ಎಲ್ಲರೂ ನಕ್ಕರು. ಯಾರೂ ಸಾಯಲಿಲ್ಲ. ಲಾರಿಗಳು ದಾಟಿದವು. ವಾಪಸು ಬರುವಾಗ ಲಾರಿಯೊಳಗೆ ಒಬ್ಬಳೇ ಇದ್ದೆ, ಸೈತಾನ ತಾನಾಗಿ ಬಾಯಿಗೆ ಬಂದ. ಮೊದಲಿನಿಂದ ಕೊನೆಯವರೆಗೆ, ಒಂದು ಸಾಲೂ ಬಿಡದೆ. ಜೊತೆಗೆ ತಾತನ ಹೊಗೆಸೊಪ್ಪಿನ ವಾಸನೆಯೂ ಬಂತು ಅಂದರೆ ನಂಬುತ್ತೀರಾ?

ಇದರ ಜೊತೆ ಕ್ಯಾಸೆಟ್ ಇದೆ. ನಾನು ಒಂದು ಸಾಲು ಹೇಳಿ ಸುಮ್ಮನಾಗುತ್ತೇನೆ, ಆ ಜಾಗ ಅವಳದು. ಎದುರು ಕೂತು ಕೊಡಬೇಕು ಅನ್ನುವುದು ಗೊತ್ತು, ಇದಕ್ಕಿಂತ ಹತ್ತಿರ ಕೂರಲು ಈಗ ನನ್ನಿಂದಾಗದು.

ಕೊಡುತ್ತಿರುವುದು ಸೈತಾನನನ್ನು ಮಾತ್ರ. ಆಟ ಮುಗಿದ ಮೇಲೆ ಮನೆಯಲ್ಲಿ ಮತ್ತೆ ಇಂಗ್ಲಿಷೇ. ನನಗೆ ಇನ್ನೂ ಹೆದರಿಕೆ ಹೋಗಿಲ್ಲ, ಒತ್ತಾಯ ಮಾಡಬೇಡಿ.

ಇಮೆಲ್ದಾ


ಲಾಸ್ ಅನಾಕುವಾಸ್
ಡಿಸೆಂಬರ್ 27, 1996, ಶುಕ್ರವಾರ

ನನ್ನ ಬಂಗಾರದ ಮಗಳೇ,

ಎಲ್ಲಿಂದ ಶುರು ಮಾಡಲಿ? ಇವತ್ತು ಶುಕ್ರವಾರವಾದರೂ ಉಪವಾಸವಿಲ್ಲ. ಕ್ರಿಸ್ಮಸ್ ವಾರದಲ್ಲಿ ಹಸಿದು ಕೂತರೆ ಬಾಲಯೇಸುವಿಗೆ ಅವಮಾನ ಅಂತ ಪಾದ್ರಿ ಬೈದರು, ಹಾಗಾಗಿ ಇವತ್ತೊಂದು ದಿನ ತಮಾಲೆ ತಿಂದಿದ್ದೇನೆ.

ಕ್ಯಾಸೆಟ್ ಬಂದದ್ದು ಶುಕ್ರವಾರ, ಆಟ ಮಂಗಳವಾರ! ನಮ್ಮ ಮನೆಯ ಟೇಪ್ ರೆಕಾರ್ಡರ್ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯಲು ಶುರು ಮಾಡಿತು. ನಾನು "ಯೇಸು ಮರಿಯ" ಅಂತ ಕಿರುಚಿ ವೈರ್ ಎಳೆದೆ. ದೇವರ ದಯೆ, ಏನೂ ಆಗಲಿಲ್ಲ. ದೋನ್ ಲಿಬ್ರಾದೋ ತಮ್ಮ ಪಿಕಪ್ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, ಅದರ ಟೇಪಿಗೆ ಹಾಕಿ, ಎರಡೂ ಬಾಗಿಲು ತೆರೆದರು. ಕ್ರಿಸ್ಟಲ್ ಮುಂದಿನ ಸೀಟಿನಲ್ಲಿ ಕಾಲು ಮಡಚಿ ಕೂತಳು. ನಿನ್ನ ದನಿ ಬಂತು.

ಬೆತ್ಲೆಹೇಮಿಗೆ ಹೊರಟಿರೇನು, ಕುರಿ ಕಾಯುವ ಕುರಿಗಳೇ?
ನಿಮಗೂ ಮೊದಲೇ ಈ ದಾರಿಯ ತಿಂದು ಕೂತವ ನಾನು!

ಮಗು ಕಲ್ಲಾಗಿ ಕೂತಿತು. ನೀನು ಬಿಟ್ಟ ಜಾಗ ಹಾಗೇ ಸಾಗಿತು, ಅದರಲ್ಲಿ ದೂರದ ಲಾರಿಯ ಸದ್ದು, ಯಾರೋ ಕೆಮ್ಮಿದ್ದು. ಮುಂದಿನ ಸಾಲಿಗೂ ಹಾಗೇ ಕೂತಳು. ನಂತರ ನನ್ನ ಕಡೆ ತಿರುಗಿ, "ಇದು ಅಮ್ಮಾನಾ?" ಅಂದಳು. "ಹೌದು ಪುಟ್ಟಾ, ಅಮ್ಮನೇ." "ಮೊದಲಿಂದ ಹಾಕಿ" ಅಂದಳು. ಮೊದಲಿನಿಂದ ಹಾಕಿದೆವು. ಈ ಸಲ ನೀನು ಬಿಟ್ಟ ಜಾಗದಲ್ಲಿ ಅವಳ ದನಿ ಬಂತು. ಮೆತ್ತಗೆ. ಆಮೇಲೆ ಜೋರಾಗಿ. ಭಾನುವಾರದ ಹೊತ್ತಿಗೆ ಪಿಕಪ್ ಸುತ್ತ ಅರ್ಧ ಊರು ಕುರ್ಚಿ ಹಾಕಿಕೊಂಡು ಕೂತಿತ್ತು! ಒಂದು ಸಾಲು ತಪ್ಪಿದರೆ ಎಲ್ಲರೂ ಒಟ್ಟಿಗೆ ತಿದ್ದುವವರೇ. "ಸುಮ್ನಿರಿ" ಅಂತ ಅವಳು ಗದರಿಸಿದಳು, ನಮ್ಮ ಮಾತಿನಲ್ಲೇ. ಅದನ್ನು ನಾನು ಕಲಿಸಿದ್ದಲ್ಲ, ಒತ್ತಾಯವನ್ನೂ ಮಾಡಿಲ್ಲ, ತಾಯಿಯಾಣೆ.

ಕೊನೆಯಲ್ಲಿ ನೀನು 'ಕೊಟ್ಟೆ' ಅಂದೆ. ಚೊನೀತಾ ತಗಾದೆ ತೆಗೆದಳು. "ಡಬ್ಬಿಯೊಳಗಿಂದ ಕೊಟ್ರೆ ಕೊಟ್ಟ ಹಾಗಾ? ಎದುರು ಕೂತು ಕೊಡಬೇಕು ಅಂತಲ್ವಾ?"

ದೋನ್ ಲಿಬ್ರಾದೋ ಹೇಳಿದರು, "ಬಾಯಿಂದ ಬಂತಾ ಇಲ್ವಾ? ಬಾಯಿಗೆ ಹೋಯ್ತಾ ಇಲ್ವಾ? ನಡುವೆ ಸಮುದ್ರ ಇದ್ರೆ ಅದು ಸಮುದ್ರದ ತಪ್ಪು."

ಆಟದ ದಿನ ಇಗರ್ಜಿಯ ಅಂಗಳ ತುಂಬಿ ಜನ ರಸ್ತೆಯವರೆಗೆ ನಿಂತಿದ್ದರು. ಕುರುಬರು ಹಾಡುತ್ತಾ ಬಂದರು. ಸರಪಳಿಯ ಸದ್ದಾಯಿತು. ಜನ ನಗಲು ತಯಾರಾದರು, ಇಷ್ಟು ವರ್ಷ ಮೂಗನನ್ನು ನೋಡಿ ನಕ್ಕವರಲ್ಲವೇ? ಅವಳು ಮರದ ಹಿಂದಿನಿಂದ ಹೊರಗೆ ಬಂದು ಬಾಯಿ ತೆರೆದಳು ನೋಡು! ಮಾತಿನಲ್ಲಿ ಇಂಗ್ಲಿಷಿನ ಧಾಟಿ ಅಲ್ಲಲ್ಲಿ ಇಣುಕುತ್ತಿತ್ತು, ನಿಜ. ಒಬ್ಬಿಬ್ಬರು ಕಿಸಕ್ಕೆಂದರು, ಅವಳಿಗೂ ಕೇಳಿಸಿತು. ಕಿವಿ ಕೆಂಪಾಯಿತು, ನಾನು ನೋಡಿದೆ. ನಿನ್ನ ಬೆಂಚು ನನ್ನ ಕಣ್ಣ ಮುಂದೆ ಬಂತು, ಮರಿಯಮ್ಮಾ ಈಗ ಕೈ ಬಿಡಬೇಡ ಅಂದುಕೊಂಡೆ. ಮಗು ಏನು ಮಾಡಿತು ಗೊತ್ತೇ? ಸರಪಳಿಯನ್ನು ನೆಲಕ್ಕೆ ಅಪ್ಪಳಿಸಿ, ನಕ್ಕವರ ಕಡೆಗೇ ತಿರುಗಿ, ಅದೇ ಸಾಲನ್ನು ಇನ್ನೊಮ್ಮೆ ಹೇಳಿತು, ದುಪ್ಪಟ್ಟು ಜೋರಾಗಿ! ಮುಂದಿನ ಸಾಲಿನ ಕೂಸುಗಳು ಅತ್ತವು. ಚಪ್ಪಾಳೆಗೆ ಆಟವೇ ನಿಂತುಹೋಯಿತು. ದೇವದೂತ ಯೆಸೆನಿಯಾ ಕತ್ತಿ ಹಿಡಿದು ಸೋಲಿಸಲು ಬಂದರೆ ಸೈತಾನನಿಗೆ ಸೋಲಲು ಮನಸ್ಸಿಲ್ಲ. "ಬೀಳೇ, ಬೀಳೇ" ಅಂತ ನಾನು ಮರೆಯಿಂದ ಪಿಸುಗುಟ್ಟಿ ಬೀಳಿಸಬೇಕಾಯಿತು!

ಇನ್ನು ಮುಖ್ಯ ಮಾತು. ಅವಳು 'ತಗೊಂಡೆ' ಅನ್ನಬೇಕಾದ್ದು ನಿನಗೆ, ನಮಗಲ್ಲ. ಯೆಸೆನಿಯಾಳ ಮನೆಯಿಂದ ಒಳ್ಳೆಯ ರೆಕಾರ್ಡರ್ ತಂದು ಅದೇ ಕ್ಯಾಸೆಟ್ಟಿನ ಇನ್ನೊಂದು ಬದಿಯಲ್ಲಿ ಹೇಳಿಸಿದೆವು. 'ತಗೊಂಡೆ' ಅಂದಳು. ನಾನು ಗುಂಡಿ ಒತ್ತಿ ನಿಲ್ಲಿಸಲು ಹೋದೆ, ನನ್ನ ಕೈ ತಡೆದಳು. ಒಂದೊಂದೇ ಪದ ಹುಡುಕಿ ಹುಡುಕಿ, ಯಾರೂ ಹೇಳಿಕೊಡದೆ, ನಮ್ಮ ಮಾತಿನಲ್ಲಿ ಅವಳು ಹೇಳಿದ್ದು ಇದು:

"ಅಮ್ಮಾ, ಜನ ನಕ್ಕರು. ನಾನು ಹೆದರು ಇಲ್ಲ. ನಿನ್ನ ಹತ್ರ ಇನ್ನೂ ಇದೆಯಾ? ಅದೂ ಕೊಡು."

ನಾನು ಏನನ್ನೂ ಸೇರಿಸುವುದಿಲ್ಲ. ಕೇಳಿ ನೀನೇ ತೀರ್ಮಾನ ಮಾಡು. ಉತ್ತರವನ್ನು ಕಾಗದದಲ್ಲಿ ಬರೆಯಬೇಡ, ಬಾಯಲ್ಲಿ ಹೇಳಿ ಕಳಿಸು. ಅವಳು ಈಗಲೇ ಪಿಕಪ್ಪಿನಲ್ಲಿ ಹೋಗಿ ಕೂತಿದ್ದಾಳೆ, ಇವತ್ತೇ ಉತ್ತರ ಬರುವುದಿಲ್ಲ ಅಂದರೂ ಕೇಳುತ್ತಿಲ್ಲ.

ಆಶೀರ್ವಾದಗಳೊಂದಿಗೆ,
ನಿನ್ನ ಅಮ್ಮ, ಸೆಫೆರಿನಾ

ದೋನ್ ಲಿಬ್ರಾದೋ ಅವರೇ, ಲಕೋಟೆಯ ಹೊರಗೆ ಇದನ್ನು ನಿಮಗಾಗಿ ಬರೆದಿದ್ದೇನೆ: ಇದನ್ನು ಅಂಚೆಗೆ ಹಾಕಿದ ಮೇಲೆ, ದಯವಿಟ್ಟು ಇನ್ನು ಮುಂದೆ ಪಟ್ಟಣಕ್ಕೆ ಹೋದಾಗಲೆಲ್ಲ ಅಂಚೆ ಕಚೇರಿಯಲ್ಲಿ ಕೇಳಿ. ಇಮೆಲ್ದಾಳ ಉತ್ತರ ಬಂದ ದಿನ ಬೇರೆ ಕೆಲಸ ಬಿಟ್ಟು ಮೊದಲು ಅದನ್ನು ನಮ್ಮ ಮನೆಗೆ ತಂದುಕೊಡಿ.